ಅವ್ವನ ಬಳೆ

ಅವ್ವನ ವರ್ಷಾಂತಿಕ ಮುಗಿದ ಮೇಲೆ ಅವಳ ನಾಲ್ಕು ಬಂಗಾರದ ಬಳೆಗಳಲ್ಲಿ ಎರಡು ಊರಿನ ಅಣ್ಣನಿಗೂ ಎರಡು ನನಗೂ ಬಂದವು. ಮಾರಿ, ಅವಳ ನೆನಪಿಗೆ ಏನಾದರೂ ಮಾಡಬೇಕೆಂದು ಮಾತಾಯಿತು. ಅಣ್ಣನಿಗೆ ಗುಡಿಯ ಮುಂದೆ ಕಟ್ಟೆ ಕಟ್ಟಿಸಿ ಹೆಸರು ಕೆತ್ತಿಸುವ ಆಸೆ. ನನಗೋ, ನಮ್ಮ ಸಂಘದ ಬಹುಮಾನಗಳಿಗೆ ಇನ್ನೊಂದು ದತ್ತಿ ಸೇರಿಸುವ ಮನಸ್ಸು. ಆ ಪಟ್ಟಿ ಈಗಾಗಲೇ ಎಷ್ಟು ಉದ್ದವಿದೆಯೆಂಬುದು ವಾರ್ಷಿಕೋತ್ಸವದಲ್ಲಿ ಹಸಿದು ಕುಳಿತ ಓದುಗರಿಗೆಲ್ಲ ಗೊತ್ತು.

ಅಷ್ಟರಲ್ಲಿ ನಮ್ಮ ಮುಲುಂಡಿನ ಮನೆಗೆ ಅಕ್ಕನ ಮೊಮ್ಮಗಳು ಬಂದಳು. ದೃಷ್ಟಿವಿಜ್ಞಾನದಲ್ಲಿ ಸಂಶೋಧನೆ ಮಾಡುವ ಹುಡುಗಿ. ಕಣ್ಣಿನ ಡಾಕ್ಟರಲ್ಲ, ಕಣ್ಣಿಗೆ ಬಿದ್ದ ಬೆಳಕನ್ನು ಮಿದುಳು ನೋಟವಾಗಿ ಮಾಡಿಕೊಳ್ಳುವ ಬಗೆಯನ್ನು ಹುಡುಕುವವಳು. ಅಮೆರಿಕದ ಫ್ಲಾರಿಡಾದಲ್ಲಿ ಪ್ರತಿ ಮೇ ತಿಂಗಳು ಈ ವಿದ್ಯೆಯವರ ಸಭೆ ನೆರೆಯುತ್ತದೆ. ಹೋದ ವರ್ಷ ಅವಳ ಪ್ರಬಂಧವನ್ನು ಅಲ್ಲಿ ಒಪ್ಪಿದ್ದರು. ದಾರಿಖರ್ಚು ಹೊಂದಲಿಲ್ಲ, ಹೋಗಲಿಲ್ಲ. ಅಗಲಿದವರ ಹೆಸರಿನಲ್ಲಿ ಎಳೆಯ ಸಂಶೋಧಕರಿಗೆ ಪ್ರಯಾಣದ ಹಣ ಕೊಡುವ ಸಂಸ್ಥೆಗಳು ಇವೆ. ಆದರೆ ಕೇಳಿದವರಿಗೆಲ್ಲ ಸಿಗುವುದೆ?

"ಬರೆದದ್ದನ್ನು ಕಂಪ್ಯೂಟರಿನಲ್ಲಿ ಕಳಿಸಿದರೆ ಸಾಲದೇನೆ?" ಎಂದೆ.

"ಅಜ್ಜಿ, ರಾಮನ್ ಮನೆಯಲ್ಲೇ ಕೂತಿದ್ದರೆ?" ಎಂದಳು.

ಸರ್ ಸಿ. ವಿ. ರಾಮನ್ನರು ಮೊದಲ ಸಲ ಕಡಲು ದಾಟಿದ್ದು 1921ರಲ್ಲಿ, ಕಲ್ಕತ್ತೆಯ ವಿಶ್ವವಿದ್ಯಾನಿಲಯದ ಪ್ರತಿನಿಧಿಯಾಗಿ. ಆಗ ಅವರಿಗೆ 32 ವರ್ಷ. ಸಮುದ್ರದ ನೀಲಿ ಆಕಾಶದ ಪ್ರತಿಬಿಂಬವೇ ಹೊರತು ಬೇರೆಯಲ್ಲವೆಂದು ಲಾರ್ಡ್ ರ್‍ಯಾಲೆಯಂಥ ಪಂಡಿತರು ಹೇಳಿದ್ದರು. ಮೆಡಿಟರೇನಿಯನ್ನಿನ ನೀಲಿಯನ್ನು ಕಂಡ ರಾಮನ್ನರಿಗೆ ಅದು ಒಪ್ಪಿಗೆಯಾಗಲಿಲ್ಲ. ಹಿಂದಿರುಗುವಾಗ ನರ್ಕುಂಡಾ ಹಡಗಿನ ಅಟ್ಟದ ಮೇಲೆ ನಿಂತು, ನಿಕಲ್ ಪಟ್ಟಕವೆಂಬ ಸಣ್ಣ ಹರಳಿನಿಂದ ನೀರಿನ ಮೇಲಿನ ಹೊಳಪನ್ನು ಅಡಗಿಸಿ ನೋಡಿದರು. ನೀಲಿ ಮಾಯವಾಗಲಿಲ್ಲ! ನೀರೇ ಬೆಳಕನ್ನು ಚೆದರಿಸುತ್ತದೆಂದು ಅವರು 'ನೇಚರ್' ಪತ್ರಿಕೆಗೆ ಬರೆದ ಕಾಗದದ ಮೇಲಿನ ವಿಳಾಸ ಮುಂಬಯಿ ಬಂದರು, ತಾರೀಖು ಸೆಪ್ಟೆಂಬರ್ 26. ನಾವು ಕಡಲೆಕಾಯಿ ತಿನ್ನುತ್ತ ನೋಡುವ ಅದೇ ಬಂದರು! ಅದೇ ಜಾಡಿನಲ್ಲಿ 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. ಮುಪ್ಪಿನಲ್ಲಿ ಬೆಂಗಳೂರಿನಲ್ಲಿ ಕುಳಿತು ಅವರು ದೃಷ್ಟಿಯನ್ನೇ ಕುರಿತು ಪುಸ್ತಕ ಬರೆದದ್ದು 1968ರಲ್ಲಿ.

ಹೊರದೇಶದ ವ್ಯಾಸಂಗಕ್ಕೆಂದು ಜಮ್‌ಷೆಟ್‌ಜಿ ಟಾಟಾ ಅವರು 1892ರಲ್ಲೇ ನಿಧಿ ಇಟ್ಟರು. ಅದು ಟಾಟಾ ಹಣ. ನಮ್ಮದು ಎರಡು ಬಳೆಯ ಹಣ. ಆದರೂ ಒಬ್ಬರ ಟಿಕೆಟ್ಟಿಗೆ ಒಂದಿಷ್ಟು ಆದೀತು. ಈ ವರ್ಷ ಇವಳಿಗೆ, ಮುಂದೆ ಸಂಘದ ಬೇರೆ ಮಕ್ಕಳಿಗೆ.

ಇನ್ನೊಂದು ಕಾರಣವೂ ಇತ್ತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರು ಊರೂರು ತಿರುಗಿ ಬಡವರ ಕಣ್ಣಿನ ಪೊರೆ ತೆಗೆದವರು, 2005ರಲ್ಲಿ ತೀರಿಕೊಂಡರು. ಅವರ ಶಿಬಿರವೊಂದಕ್ಕೆ ಅವ್ವ ತನ್ನ ತಾಯಿಯನ್ನು ಚಕ್ಕಡಿಯಲ್ಲಿ ಕರೆದೊಯ್ದಿದ್ದಳು. ಪಟ್ಟಿ ಬಿಚ್ಚಿದಾಗ ಅಜ್ಜಿ ಮೊದಲು ನೋಡಿದ್ದು ಅವ್ವನ ಮುಖ. ಆಡಿದ ಮೊದಲ ಮಾತು, "ಎಷ್ಟ ಕರ್ರಗಾಗಿಯವ್ವಾ!" ಸಾಯುವವರೆಗೂ ಅವ್ವ ಅದನ್ನು ಹೇಳಿ ನಗುತ್ತಿದ್ದಳು.

ಅಣ್ಣನಿಗೆ ಫೋನು ಮಾಡಿ ಹೇಳಿದೆ.

"ಇಮಾನದ ಟಿಕೇಟಿನ ಮ್ಯಾಲೆ ಅವ್ವನ ಹೆಸರು ಬರತೈತೇನವಾ?"

"ಇಲ್ಲಣ್ಣ."

ತುಸು ಹೊತ್ತು ಸುಮ್ಮನಿದ್ದ. ಆಮೇಲೆ, "ಅಜ್ಜೀನ ಕರಕೊಂಡು ಹೋದಾಗ ಚಕ್ಕಡಿ ಬಾಡಿಗಿ ಯಾರು ಕೊಟ್ಟಿದ್ರು?" ಎಂದ.

"ಓಣಿಯವರು ಕೂಡಿ ಕೊಟ್ಟಿದ್ದರಂತೆ."

ಮರುವಾರ ಒಂದು ಬಳೆಯ ಹಣ ಕಳಿಸಿದ. ಇನ್ನೊಂದರಲ್ಲಿ ಕಟ್ಟೆ ಸಣ್ಣದಾದರೂ ಆಗಲೇಬೇಕಂತೆ.