ಸುತ್ತಾಡಿದೆ, ತಿರುಗಾಡಿದೆ, ಅಲೆದೆ

ಪದಗಳ ಸರಣಿ, ಭಾಗ 6

ಈ ಸಲ ಮೂರು ಜರ್ಮನ್ ಪದ. ಬಿಕಾಂ ಓದೋಳಿಗೆ ಜರ್ಮನ್ ಯಾಕೆ ಅಂತ ಕೇಳ್ಬೇಡಿ, ಕೊನೇವರೆಗೂ ಓದಿ.

ಆರಾಮಾಗಿ ನಡೆಯೋದಕ್ಕೆ ಅಲ್ಲಿ ‘ಶ್ಪಾತ್ಸೀರೆನ್’, ‘ಶ್ಲೆಂಡರ್ನ್’, ‘ಬುಮ್ಮೆಲ್ನ್’ ಅಂತಾರೆ. ಮೊದಲನೆಯದು ನಮ್ಮ ವಾಕಿಂಗ್. ಎರಡನೆಯದು ಅವಸರವೇ ಇಲ್ಲದ ಹೆಜ್ಜೆ. ಮೂರನೆಯದು ಅಂಗಡಿ ಬೀದಿ ನೋಡ್ಕೊಂಡು ಸುತ್ತೋದು.

ಮಜಾ ಇರೋದು ಭೂತಕಾಲದಲ್ಲಿ. ‘ಇಷ್ ಬಿನ್ ಡುರ್ಷ್ ಡೀ ಶ್ಟಾಟ್ ಗೆಬುಮ್ಮೆಲ್ಟ್’ ಅಂದ್ರೆ ಪೇಟೆಯೆಲ್ಲ ಸುತ್ತಾಡಿದೆ. ‘ಬಿನ್’ ಬದಲು ‘ಹಾಬೆ’ ಹಾಕಿ, ‘ಇಷ್ ಹಾಬೆ ಗೆಬುಮ್ಮೆಲ್ಟ್’ ಅನ್ನಿ. ಈಗ ಕೆಲಸ ಎಳೆದಾಡ್ತಾ ಕಾಲ ಕಳೆದೆ ಅಂತ ಅರ್ಥ. ಕ್ರಿಯಾಪದ ಅದೇ. ಜೊತೆಗಿರೋ ಸಹಾಯಕ ಪದ ಬದಲಾಯ್ತು, ಅಷ್ಟೇ.

ನಮ್ಮಲ್ಲಿ ಸುತ್ತು, ತಿರುಗು, ಓಡು ಇವಕ್ಕೆ ‘ಆಡು’ ಸೇರಿಸಿದ್ರೆ ಸಾಕು. ಸುತ್ತಾಡು, ತಿರುಗಾಡು, ಓಡಾಡು. ಓಡಾಡೋಕೆ ಓಡಲೇಬೇಕು ಅಂತೇನಿಲ್ಲ ನೋಡಿ! ಭೂತಕಾಲವೂ ಸಲೀಸು: ಸುತ್ತಾಡಿದೆ, ಮಾತಲ್ಲಿ ಸುತ್ತಾಡ್ದೆ. ‘ಅಲೆದೆ’ ಅಂದ್ರೆ ಮಾತ್ರ ಖುಷಿ ಹೋಯ್ತು. ಒಂದು ಸರ್ಟಿಫಿಕೇಟಿಗೆ ಮೂರು ದಿನ ಅಲೆದೆ ಅಂತೀವಲ್ಲ, ಹಾಗೆ.

ಆದ್ರೆ ನಮ್ಮಲ್ಲಿ ಅರ್ಥ ಬದಲಾಗೋದು ಯಾರು ನಡೆದರು ಅನ್ನೋದರ ಮೇಲೆ. ಮಗ ಎಲ್ಲಿ ಅಂದ್ರೆ, “ಸುತ್ತಾಡ್ಕೊಂಡು ಬರಕ್ಕೋದ.” ಮುಗೀತು. ಮಗಳಾದ್ರೆ, “ಎಲ್ಲಿ ತಿರ್ಗಾಡಕ್ಕೋಗಿದ್ದೆ ಇಷ್ಟೊತ್ತು?” ಉತ್ತರಕ್ಕೆ ಕಾರಣ ಬೇಕು. ಜೆರಾಕ್ಸ್, ಟೈಲರ್, ದೇವಸ್ಥಾನ. ‘ಸುಮ್ನೆ’ ಅನ್ನೋದು ಉತ್ತರವೇ ಅಲ್ಲ.

ಚಾಮರಾಜನಗರದಲ್ಲಿ ಆಷಾಢದ ಚಾಮರಾಜೇಶ್ವರ ತೇರಿಗೆ ಹೊಸ ಜೋಡಿಗಳು ಬರ್ತಾರೆ. ಹಣ್ಣು ಜವನ ಎಸೆದು, ಕೈ ಕೈ ಹಿಡ್ಕೊಂಡು ಬೀದಿ ತುಂಬ ಅಡ್ಡಾಡ್ತಾರೆ. ಯಾರೂ ಏನೂ ಕೇಳಲ್ಲ. ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಅರಳಿದಾಗ ಊಟಿಗೆ, ವಯನಾಡಿಗೆ ಹೋಗೋರು ಕಾರು ನಿಲ್ಲಿಸಿ ಹೊಲದಲ್ಲಿ ಸುತ್ತಾಡ್ತಾರೆ. ಅವರನ್ನೂ ಕೇಳಲ್ಲ. ಅದೇ ಊರಿನ ಹುಡುಗಿ ಸಂಜೆ ಆರಕ್ಕೆ ಅದೇ ರಸ್ತೇಲಿ ಒಬ್ಳೇ, ಸುಮ್ನೆ ನಡೆದ್ರೆ?

‘ಶ್ಪಾತ್ಸೀರೆನ್’ ಪದದ ಬೇರು ಲ್ಯಾಟಿನ್ನಿನ ‘ಸ್ಪಾಟಿಯುಮ್’. ಹಾಗಂದ್ರೆ ಜಾಗ. ಸುಮ್ನೆ ನಡೆಯೋದು ಅಂದ್ರೆ ಊರಲ್ಲಿ ನಮಗೂ ಜಾಗ ಇದೆ ಅನ್ನೋದು. ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಮೂವರೂ ಸೇರಿ ಮುಂಬೈ ಹೆಂಗಸರ ಬಗ್ಗೆ ಬರೆದ ‘ವೈ ಲಾಯ್ಟರ್?’ 2011ರಲ್ಲಿ ಬಂತು. ಕೆಲಸ ಇಲ್ಲದೆಯೂ ಬೀದಿಲಿ ಇರೋದು ಹೆಂಗಸರ ಹಕ್ಕು ಅನ್ನೋದೇ ಅದರ ವಾದ. ಸಿಕ್ಕಿದ್ರೆ ಓದಿ.

ಹುಡುಗೀರೇ, ನೀವು ಕೊನೇ ಸಲ ಕಾರಣವಿಲ್ಲದೆ ಸುತ್ತಾಡಿದ್ದು ಯಾವಾಗ, ಎಲ್ಲಿ? ಕಾಮೆಂಟಲ್ಲಿ ಹಾಕಿ. ಹುಡುಗ್ರು ಓದಿ ಸಾಕು.

#ಪದಗಳಸರಣಿ #ಚಾಮರಾಜನಗರ #ಗುಂಡ್ಲುಪೇಟೆ #ಸುಮ್ನೆ