ಹಾಲು, ಸಕ್ಕರೆ, ಹೊಗೆ ಮೂರೂ ಇಲ್ಲದ ಟೀ

ಚಾಕಿ ತಂದು ಒಂದು ವಾರ ಆಯ್ತು, ಹುಳ ಮನೇಲಿರುವಾಗ ಫೋನ್ ಮುಟ್ಟೋಕೂ ಪುರುಸೊತ್ತಿರಲ್ಲ, ಅದಕ್ಕೇ ಏನೂ ಬರೆದಿರಲಿಲ್ಲ. ಇವತ್ತು ಸೊಪ್ಪಿನ ವಿಷಯಾನೇ ಬರೀತೀನಿ, ಆದ್ರೆ ನಮ್ಮ ಸೊಪ್ಪಲ್ಲ. ಚೀನಾದವರ ಟೀ ಸೊಪ್ಪು.

ನನಗೆ ಶುಗರ್ ಇದೆ ಅಂತ ಗೊತ್ತಾಗಿ ನಾಲ್ಕು ತಿಂಗಳಾಯ್ತು. ದಿನಕ್ಕೆ ಆರೇಳು ಲೋಟ ಟೀ ಕುಡೀತಿದ್ದೆ, ಲೋಟಕ್ಕೆ ಎರಡು ಚಮಚ ಸಕ್ಕರೆ. ನೀವೇ ಲೆಕ್ಕ ಹಾಕಿ. ಸಕ್ಕರೆ ಬಿಡಿ ಅಂದ್ರು, ಬಿಟ್ಟೆ. ಆದ್ರೆ ಸಕ್ಕರೆ ಇಲ್ಲದ ಹಾಲಿನ ಟೀ ಇದೆಯಲ್ಲ, ಅದನ್ನ ಕುಡಿಯೋದಕ್ಕಿಂತ ಸುಮ್ಮನೆ ಇರೋದು ವಾಸಿ. ಬೆಳಗ್ಗೆ ಐದು ಗಂಟೆಗೆ ಸೊಪ್ಪು ಕೊಯ್ಯೋಕೆ ಹೋಗುವಾಗ ಬಾಯಿ ಬಣಗುಟ್ಟೋದು, ಯಾರ ಮೇಲಾದ್ರೂ ರೇಗೋಣ ಅನ್ಸೋದು.

ನಮ್ಮ ಅಕ್ಕನ ಮಗ ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದ್ದಾನೆ. ಕೆಲಸದ ಮೇಲೆ ಚೀನಾಕ್ಕೆ ಹೋಗಿ ಬಂದವನು ಒಂದು ಸಣ್ಣ ಡಬ್ಬಿ ತಂದುಕೊಟ್ಟ. "ಮಾವ, ಇದಕ್ಕೆ ಸಕ್ಕರೇನೂ ಬೇಡ, ಹಾಲೂ ಬೇಡ" ಅಂದ. ನಾನು ಡೇರಿಗೆ ದಿನಾ ಎರಡು ಹೊತ್ತು ಹಾಲು ಹಾಕೋನು, ಹಾಲಿಲ್ಲದ ಟೀ ಕುಡಿದ್ರೆ ಹಸುಗಳು ಏನಂದ್ಕೋತವೆ ಅಂತ ನಗಾಡಿದೆ. ಆದ್ರೆ ಚೀನಾ ಅಂದ ತಕ್ಷಣ ಒಳಗೆ ಒಂಥರಾ ಆಯ್ತು, ಸುಳ್ಳು ಯಾಕೆ ಹೇಳ್ಲಿ.

ವಿಜಯಪುರ, ಶಿಡ್ಲಘಟ್ಟದ ಕಡೆ ಗೂಡು ಬೆಳೆಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. 2011ರ ಬಜೆಟ್‌ನಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕ ನೂರಕ್ಕೆ 30 ಇದ್ದದ್ದು 5ಕ್ಕೆ ಇಳಿಯಿತು. ಚೀನಾ ರೇಷ್ಮೆ ಬಂದು ಬೀಳುತ್ತೆ ಅಂದಿದ್ದೇ ತಡ, ಗೂಡಿನ ಬೆಲೆ ನೆಲ ಕಚ್ಚಿತು. 2013ರಲ್ಲಿ ಸುಂಕ 15ಕ್ಕೆ ಏರಿಸಿದ್ರು, ಆದ್ರೆ ಅಷ್ಟರಲ್ಲಿ ನಾನು ಒಂದು ಎಕರೆ ಕಡ್ಡಿ ಬುಡಸಮೇತ ಕೀಳಿಸಿಬಿಟ್ಟಿದ್ದೆ. ನಮ್ಮಪ್ಪ ನೆಟ್ಟ ಕಡ್ಡಿ. ಜೆಸಿಬಿ ಬಂದ ದಿನ ಅಪ್ಪ ಜಗಲಿ ಮೇಲೆ ಗೋಡೆ ಕಡೆ ಮುಖ ಮಾಡಿ ಕೂತಿದ್ರು. ಹದಿನೈದು ದಿನ ನನ್ನ ಜೊತೆ ಮಾತಾಡಲಿಲ್ಲ. ಆಮೇಲೆ ಮಾತಾಡಿದ್ರು, ಆದ್ರೆ ಆ ಹೊಲದ ಕಡೆ ಮತ್ತೆ ಕಾಲಿಡಲಿಲ್ಲ, ಹೋಗೋವರೆಗೂ.

ಹೀಗಾಗಿ ಡಬ್ಬಿ ಒಂದು ತಿಂಗಳು ಅಟ್ಟದ ಮೇಲೇ ಇತ್ತು.

ಮೊದಲ ಸಲ ನಮ್ಮನೆಯವರು ಅದನ್ನ ನಮ್ಮ ಟೀ ಥರಾನೇ ಹಾಲಲ್ಲಿ ಹಾಕಿ ಕುದಿಸಿದ್ರು. ಬಣ್ಣ ಬರಲಿಲ್ಲ, ರುಚಿ ಬರಲಿಲ್ಲ, ಹಾಲೂ ಹಾಳು. ತಪ್ಪು ಅವರದಲ್ಲ. ಅಂಗಡೀಲಿ ಸಿಗೋ ನಮ್ಮ ಟೀ ಪುಡಿ ಸಿ.ಟಿ.ಸಿ. ಮೆಷಿನ್ನಲ್ಲಿ ಜಜ್ಜಿ, ಹರಿದು, ಸುರುಳಿ ಮಾಡಿದ ಕಾಳು. ಹಾಲು, ಸಕ್ಕರೆ, ಶುಂಠಿ ಎಲ್ಲವನ್ನೂ ಮೀರಿ ಬಣ್ಣ ಬಿಡಲಿ ಅಂತಾನೇ ಮಾಡಿರೋದು. ಇದು ಇಡೀ ಎಲೆ, ಕಪ್ಪಗೆ ದಾರದ ಥರ ಹೊಸೆದುಕೊಂಡಿರುತ್ತೆ.

ಹುಡುಗನಿಗೆ ಫೋನ್ ಮಾಡಿ ಕೇಳಿದೆ. ಇದರ ಹೆಸರು ಲಾಪ್ಸಾಂಗ್ ಸೂಚಾಂಗ್. ಫುಜಿಯಾನ್ ಪ್ರಾಂತ್ಯದ ವೂಯಿ ಬೆಟ್ಟದಲ್ಲಿ ತೊಂಗ್ಮು ಅಂತ ಹಳ್ಳಿ, ಅಲ್ಲಿಯದು. ಕಪ್ಪು ಟೀ ಮೊದಲು ಹುಟ್ಟಿದ್ದೇ ಅಲ್ಲಿ ಅಂತಾರೆ. ಚೀನಾದವರು ಕಪ್ಪು ಟೀ ಅನ್ನಲ್ಲ, ಕೆಂಪು ಟೀ ಅಂತಾರಂತೆ, ಲೋಟಕ್ಕೆ ಬಗ್ಗಿಸಿ ನೋಡಿದ್ರೆ ಅವರದೇ ಸರಿ. ಇನ್ನೊಂದು ವಿಷಯ, ನಾವು ಟೀ ಅನ್ನೋ ಪದಾನೂ ಅದೇ ಫುಜಿಯಾನಿನ ಕರಾವಳಿ ಮಾತಿನಿಂದ ಡಚ್ಚರ ಹಡಗು ಹತ್ತಿ ಯುರೋಪಿಗೆ ಹೋಗಿ ಇಂಗ್ಲಿಷಿನಿಂದ ನಮಗೆ ಬಂದದ್ದು. ಹುಬ್ಬಳ್ಳಿ ಕಡೆಯವರ ಚಹಾ ಚೀನಾದ ಬೇರೆ ಕಡೆಯ ಮಾತಿನಿಂದ ಬಂತು.

ನನಗೆ ನಿಜವಾಗಿ ಹಿಡಿಸಿದ್ದು ಸೊಪ್ಪಿನ ಕೆಲಸ. ನಾವು ಸೊಪ್ಪು ಬಾಡಬಾರದು ಅಂತ ಹೊತ್ತು ಹುಟ್ಟೋ ಮುಂಚೆ ಕೊಯ್ದು, ಒದ್ದೆ ಗೋಣಿ ಮುಚ್ಚಿ, ನೆರಳಲ್ಲಿ ಇಡ್ತೀವಿ. ಅವರು ಬೇಕಂತಲೇ ಬಾಡಿಸ್ತಾರೆ. ಬಾಡಿ ಮೆತ್ತಗಾದ್ರೆ ತಾನೆ ಹೊಸೆದಾಗ ಮುರಿಯಲ್ಲ. ಹೊಸೆದ ಮೇಲೆ ರಸ ಹೊರಗೆ ಬಂದು ಗಾಳಿ ತಾಗಿ ಎಲೆ ತಾಮ್ರದ ಬಣ್ಣಕ್ಕೆ ತಿರುಗುತ್ತೆ, ಆಮೇಲೆ ಒಣಗಿಸ್ತಾರೆ. ಆ ಬೆಟ್ಟದಲ್ಲಿ ಮಂಜು, ಮಳೆ ಜಾಸ್ತಿ, ಬಿಸಿಲಲ್ಲಿ ಬಾಡಿಸೋಣ ಅಂದ್ರೆ ಬಿಸಿಲಿಲ್ಲ. ಅದಕ್ಕೆ ಅಂತಸ್ತಿನ ಮರದ ಮನೆ ಕಟ್ಟಿ, ಕೆಳಗೆ ಪೈನ್ ಸೌದೆ ಉರಿಸಿ, ಮೇಲಿನ ಅಂತಸ್ತಲ್ಲಿ ಸೊಪ್ಪು ಹರಡೋದು. ಚಳಿಗಾಲದಲ್ಲಿ ನಾವು ಹುಳದ ಮನೆಗೆ ಕಾವು ಕೊಡಲ್ವಾ, ಹಾಗೇ. ಹೊಗೆ ಎಲೆಗೆ ಹತ್ತಿಕೊಳ್ಳುತ್ತೆ, ಆ ಹೊಗೆ ವಾಸನೇನೇ ಈ ಟೀಗೆ ಹೆಸರು ತಂದುಕೊಟ್ಟಿದ್ದು.

ನನ್ನ ಡಬ್ಬಿಯಲ್ಲಿ ಇರೋದು ಅದೇ ಎಲೆ, ಹೊಗೆ ಹಾಕದ್ದು. ಪೈನ್ ಸೌದೆ ಮೇಲೆ ಇಡದೆ ಬಾಡಿಸಿ ಒಣಗಿಸಿದ್ದು. ಹೊಗೆ ಟೀ ನಮಗೇನು ಹೊಸದಲ್ಲ ಬಿಡಿ. ಗ್ಯಾಸ್ ಬರೋವರೆಗೂ ರೇಷ್ಮೆ ಕಡ್ಡಿ, ನೀಲಗಿರಿ ಸೌದೆ ಒಲೆ ಮೇಲೆ ಕಾಸಿದ ಹಾಲು, ನೀರು ಎಲ್ಲಾ ಹೊಗೆ ನಾರೋದು. ಅದನ್ನೇ ರುಚಿ ಅಂದ್ಕೊಂಡಿದ್ವಿ. ಆದ್ರೆ ಹುಳದ ಮನೆಗೆ ಮಾತ್ರ ಹೊಗೆ ಹೋಗಬಾರದು. ಬೀಡಿ ಸೇದಿ ಬಂದವರನ್ನ ಅಪ್ಪ ಬಾಗಿಲಲ್ಲೇ ನಿಲ್ಲಿಸೋರು.

ಮಾಡೋ ವಿಧಾನ ಹೇಳ್ತೀನಿ. ನೀರು ಕುದಿ ಬಂದ ಮೇಲೆ ಒಲೆ ಆರಿಸಿ ಅರ್ಧ ನಿಮಿಷ ಬಿಡಬೇಕು. ಒಂದು ಸಣ್ಣ ಲೋಟಕ್ಕೆ ಗುಡ್ಡೆ ಮಾಡಿದ ಒಂದು ಚಮಚ ಎಲೆ, ಮೂರು ಗ್ರಾಂ ಆಗಬಹುದು. ನೀರು ಸುರಿದು ತಟ್ಟೆ ಮುಚ್ಚಿ ಎರಡು ಮೂರು ನಿಮಿಷ, ಸೋಸೋದು. ಒಲೆ ಮೇಲಿಟ್ಟು ಕುದಿಸೋ ಹಾಗಿಲ್ಲ. ಎಲೆ ಎಸೀಬೇಡಿ, ಅದೇ ಎಲೆಗೆ ಇನ್ನೆರಡು ಮೂರು ಸಲ ನೀರು ಹಾಕಬಹುದು, ಪ್ರತಿ ಸಲ ಸ್ವಲ್ಪ ಜಾಸ್ತಿ ಹೊತ್ತು ಬಿಡಬೇಕು.

ಇಷ್ಟೆಲ್ಲಾ ಮಾಡಿದ್ರೂ ಮೊದಲ ವಾರ ಟೀ ಕಂದಾಗಿ, ಮೇಲೆ ಎಣ್ಣೆ ಥರ ಪದರ ಕಟ್ಟೋದು. ಎಲೆ ಹಳೇದು ಅಂದ್ಕೊಂಡೆ. ಅಲ್ಲ, ನಮ್ಮ ನೀರು. ನನ್ನ ಬೋರು 1,200 ಅಡಿ, ಬಿಂದಿಗೆ ತಳದಲ್ಲಿ ಸುಣ್ಣ ಕಟ್ಟುತ್ತೆ. ಗಡಸು ನೀರಲ್ಲಿ ಟೀ ಬಿಡೋದೇ ಹಾಗೆ. ಊರಿನ ಶುದ್ಧ ನೀರಿನ ಘಟಕದ ಕ್ಯಾನ್ ನೀರಲ್ಲಿ ಮಾಡಿ ನೋಡಿದೆ, ಪದರ ಹೋಯ್ತು. ಆಮೇಲೆ ಒಂದು ದಿನ ಜೋರು ಮಳೆ ಬಂತು, ಚಾವಣಿ ತೊಳೆದುಹೋದ ಮೇಲೆ ಬಿದ್ದ ನೀರು ಹಿಡಿದು, ಬಟ್ಟೇಲಿ ಸೋಸಿ, ಚೆನ್ನಾಗಿ ಕುದಿಸಿ ಮಾಡ್ದೆ. ಫೋಟೋದಲ್ಲಿ ಮೂರೂ ಲೋಟ ಪಕ್ಕಪಕ್ಕ ಇಟ್ಟಿದ್ದೀನಿ, ನೋಡಿ. ಒಂದೇ ಎಲೆ, ಒಂದೇ ಅಳತೆ. ಬೋರ್ ನೀರಿನ ಲೋಟ ಕೆರೆ ಗೋಡು ಕದಡಿದ ಹಾಗಿದೆ. ಟೀಗೇ ಹೀಗಾದ್ರೆ ಮಣ್ಣಿಗೆ, ಕಡ್ಡಿ ಬೇರಿಗೆ ಇಷ್ಟು ವರ್ಷ ಏನು ಕುಡಿಸಿದ್ದೀನೋ ಅಂತ ಆ ಲೋಟ ನೋಡ್ತಾ ಕೂತಿದ್ದೆ.

ಮಳೆ ನೀರಿನ ಟೀ ಹೇಗಿತ್ತು ಅಂದ್ರೆ, ಮೂಗಿಗೆ ಮೊದಲು ಬರೋದು ಹುರಿಹಿಟ್ಟಿನ ವಾಸನೆ, ಮೊಳಕೆ ಕಟ್ಟಿದ ರಾಗಿ ಹುರಿದಾಗ ಬರುತ್ತಲ್ಲ, ಅದು. ಕುಡಿದ್ರೆ ಸುಟ್ಟ ಗೆಣಸು, ಆಮೇಲೆ ಒಣ ದ್ರಾಕ್ಷಿ. ನುಂಗಿದ ಮೇಲೆ ಗಂಟಲಲ್ಲಿ ಸಿಹಿ ನಿಲ್ಲುತ್ತೆ, ಸಕ್ಕರೆ ಹಾಕದೇ. ಒಗರು ಬಹಳ ಕಮ್ಮಿ. ಸೊಪ್ಪು ಕೊಯ್ಯೋಕೆ ಬರೋ ಹೆಣ್ಣುಮಕ್ಕಳಿಗೆ ಕೊಟ್ಟೆ, "ಇದು ಕಷಾಯ, ಕೂಲಿಯಲ್ಲಿ ಹಿಡ್ಕೋಬೇಡಿ" ಅಂದ್ರು. ಇದರಿಂದ ಶುಗರ್ ಇಳಿಯುತ್ತೆ ಅಂತ ಯಾರೂ ತಿಳ್ಕೋಬೇಡಿ, ನಾನು ಮಾತ್ರೆ ನುಂಗ್ತಾನೇ ಇದ್ದೀನಿ.

ಸೋಸಿದ ಮೇಲೆ ಉಳಿದ ಎಲೆ ಬಿಡಿಸಿ ನೋಡಿದೆ. ಅಂಚಿನ ಹಲ್ಲು, ನರ ಎಲ್ಲಾ ಹಾಗೇ ಇದೆ. ಅಪ್ಪ ಸೊಪ್ಪನ್ನ ಕಿವಿ ಹತ್ತಿರ ಹಿಡಿದು ಮುರಿದು, ಶಬ್ದ ಕೇಳಿ ಎಳಸೋ ಬಲಿತದ್ದೋ ಹೇಳೋರು. ಈ ಎಲೆ ಕಿತ್ತವರೂ ಯಾರದೋ ಅಪ್ಪ ನೆಟ್ಟ ಗಿಡದಿಂದ ಕಿತ್ತಿರ್ತಾರೆ. ಅವರು ನನ್ನ ಕಡ್ಡಿ ಕೀಳಿಸಲಿಲ್ಲ, ಕೀಳಿಸಿದ್ದು ನಾನು. ಈ ಮುಂಗಾರಿಗೆ ಆ ಎಕರೆಯಲ್ಲಿ ಅರ್ಧಕ್ಕೆ ಮತ್ತೆ ಕಡ್ಡಿ ಇಡಬೇಕು ಅಂತಿದ್ದೀನಿ. ಕೃಷಿ ಹೊಂಡ ಮುಗಿದ್ರೆ ಮಾತ್ರ, ಬೋರ್ ನೀರು ನೆಚ್ಚಿಕೊಂಡು ಇಡಲ್ಲ. ವಿ-1 ಕಡ್ಡಿ ಒಳ್ಳೇದು ಯಾರ ಹತ್ರ ಇದೆ, ತಿಳಿಸಿ.

ಡಬ್ಬಿಯಲ್ಲಿ ಇನ್ನು ಹತ್ತು ಚಮಚ ಎಲೆ ಇದೆ. ನಾಳಿದ್ದು ಹುಳ ನಾಲ್ಕನೇ ಜ್ವರಕ್ಕೆ ಕೂರುತ್ತೆ, ಸೊಪ್ಪು ಹಾಕೋ ಕೆಲಸ ಇರಲ್ಲ. ರುಚಿ ನೋಡೋರು ಸಂಜೆ ಬನ್ನಿ, ಜಗಲಿ ಮೇಲೆ ಕೂರೋಣ. ಹುಳದ ಮನೆ ಕಡೆ ಹೋಗಬೇಡಿ. ಬೀಡಿ ಬೇಲಿ ಆಚೆಗೇ ಬಿಟ್ಟು ಬನ್ನಿ.