ಅವ್ವನ ಟ್ರಂಕು ಮತ್ತು ಮೋಟಮ್ಮ

ಹಬ್ಬಕ್ಕೆ ಊರಿಗೆ ಹೋದಾಗ ಒಳಗಿನ ಖೋಲಿ ಸ್ವಚ್ಛ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. (ಬೆಂಗಳೂರಲ್ಲಿ ಕೋಡ್ ಕುಟ್ಟುವ ಮಗ ಇದಕ್ಕಾದರೂ ಉಪಯೋಗಕ್ಕೆ ಬರಲಿ ಅಂತ ಇರಬೇಕು!) ಮೂಲೆಯಲ್ಲಿ ತುಕ್ಕು ಹಿಡಿದ ಸಣ್ಣ ಟ್ರಂಕು. ತೆಗೆದು ನೋಡಿದರೆ ಅವ್ವನ ಸ್ತ್ರೀಶಕ್ತಿ ಗುಂಪಿನ ಹಳೆಯ ಲೆಕ್ಕದ ಪುಸ್ತಕಗಳು. ಅರ್ಧ ಪುಟಗಳಲ್ಲಿ ನನ್ನದೇ ಸೊಟ್ಟ ಅಕ್ಷರ...

ನಮ್ಮೂರು ಕುಂಚಾವರಂ. ಚಿಂಚೋಳಿ ತಾಲ್ಲೂಕಿನ ಅಂಚು, ಸುತ್ತ ಕಾಡು, ಕಾಡು ದಾಟಿದರೆ ತೆಲಂಗಾಣ. ಅಂಗಡಿಯಲ್ಲಿ ತೆಲುಗು, ತಾಂಡಾದಲ್ಲಿ ಲಂಬಾಣಿ, ಮನೆಯಲ್ಲಿ ಕನ್ನಡ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟ ಅವ್ವ ವಾರಕ್ಕೊಮ್ಮೆ ಇನ್ನೂ ಹದಿನೈದು ಹೆಂಗಸರ ಜೊತೆ ಕೂತು ತಲಾ ಹತ್ತು ರೂಪಾಯಿ ಒಟ್ಟು ಮಾಡುತ್ತಿದ್ದಳು. ಬೀಜಕ್ಕೆ, ಬಾಣಂತನಕ್ಕೆ, ದವಾಖಾನೆಗೆ ಅದರಿಂದಲೇ ಸಾಲ. ನನ್ನ ಇಂಜಿನಿಯರಿಂಗ್ ಮೊದಲ ವರ್ಷದ ಫೀಸಿನ ಒಂದು ಪಾಲೂ ಆ ಟ್ರಂಕಿನಿಂದಲೇ ಬಂದದ್ದು.

ಇಷ್ಟೆಲ್ಲ ಗೊತ್ತಿದ್ದೂ ಸ್ತ್ರೀಶಕ್ತಿ ಯೋಜನೆ ಯಾರ ಕಾಲದ್ದು ಅಂತ ನಾನು ಒಮ್ಮೆಯೂ ಯೋಚಿಸಿರಲಿಲ್ಲ. ಹುಡುಕಿದೆ. 2000-01ರಲ್ಲಿ ಶುರುವಾದದ್ದು, ಎಸ್.ಎಂ. ಕೃಷ್ಣ ಸರ್ಕಾರದಲ್ಲಿ ಮಹಿಳಾ ಮತ್ತು ಮಕ್ಕಳ ಕಲ್ಯಾಣ ಸಚಿವೆಯಾಗಿದ್ದ ಮೋಟಮ್ಮ ಇದನ್ನು ತಂದವರು. ಅಂಗನವಾಡಿ ಕಾರ್ಯಕರ್ತೆಯರನ್ನೇ ಹಿಡಿದು ಹಳ್ಳಿ ಹಳ್ಳಿಯಲ್ಲಿ ಗುಂಪು ಕಟ್ಟಿಸಿದ್ದರಿಂದ ರಾಜ್ಯದ ಆ ತುದಿಯ ಮಲೆನಾಡಿನ ಶಾಸಕಿಯ ಕೆಲಸ ಈ ತುದಿಯ ನಮ್ಮ ಖೋಲಿಯವರೆಗೂ ಬಂದು ಮುಟ್ಟಿತು.

ಮೋಟಮ್ಮ ಮೂಡಿಗೆರೆಯವರು, ದಲಿತ ಹೆಣ್ಣುಮಗಳು. ಪರಿಶಿಷ್ಟ ಜಾತಿಗೆ ಮೀಸಲಾದ ಆ ಕ್ಷೇತ್ರದಿಂದ 1978ರಲ್ಲಿ ಮೊದಲ ಸಲ ವಿಧಾನಸಭೆಗೆ ಹೋದರು. ಅದೇ ವರ್ಷ ಇಂದಿರಾ ಗಾಂಧಿ ಚಿಕ್ಕಮಗಳೂರಿಗೆ ಬಂದು ಉಪಚುನಾವಣೆ ಗೆದ್ದದ್ದು ಎಲ್ಲರಿಗೂ ನೆನಪಿದೆ. ಮೋಟಮ್ಮನವರ ಗೆಲುವು ಎಷ್ಟು ಜನರಿಗೆ ನೆನಪಿದೆಯೋ. ನಡುವೆ ಕ್ಷೇತ್ರ ಬೇರೆಯವರ ಕೈಗೆ ಹೋಯಿತು. 1989ರಲ್ಲಿ ಮತ್ತೆ ಗೆದ್ದರು, ಆಮೇಲೆ 1999ರಲ್ಲಿ. ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷದ ನಾಯಕಿಯಾದರು. 2018ರಲ್ಲಿ ಮತ್ತೆ ನಿಂತು ಸೋತರು. 2022ರಲ್ಲಿ ಅವರ ಆತ್ಮಕಥೆ ಬಂತು. 2023ರಲ್ಲಿ ಮಗಳು ನಯನಾ ಅದೇ ಮೂಡಿಗೆರೆಯಲ್ಲಿ ಗೆದ್ದರು, ಅಂತರ ಸಾವಿರ ಮತವೂ ಇರಲಿಲ್ಲ. ಆ ಸಲ ಗೆದ್ದ 224 ಜನರಲ್ಲಿ ಹೆಂಗಸರು ಹತ್ತೇ ಮಂದಿ! ನಮ್ಮ ಕಲಬುರಗಿ ಜಿಲ್ಲೆಯಿಂದ ಕನೀಜ್ ಫಾತಿಮಾ ಒಬ್ಬರು. ಚಿಂಚೋಳಿಯೂ 2008ರಿಂದ ಮೀಸಲು ಕ್ಷೇತ್ರವೇ. ಗೆದ್ದವರು ಸುನಿಲ್ ವಲ್ಲ್ಯಾಪುರೆ, ಉಮೇಶ ಜಾಧವ, ಅವಿನಾಶ ಜಾಧವ. ಎಲ್ಲರೂ ಗಂಡಸರು.

ಇದನ್ನೆಲ್ಲ ಓದುತ್ತಾ "ನಮ್ಮ ಜನ ಯಾವಾಗ ಸುಧಾರಿಸ್ತಾರೋ" ಅಂತ ಬೈಯಲು ಹೊರಟಿದ್ದೆ. ಆಗ 2020ರ ಡಿಸೆಂಬರ್ ನೆನಪಾಯಿತು ನೋಡಿ.

ಗ್ರಾಮ ಪಂಚಾಯ್ತಿ ಚುನಾವಣೆ. ವರ್ಕ್ ಫ್ರಮ್ ಹೋಮ್ ಅಂತ ನಾನೂ ಊರಲ್ಲೇ ಇದ್ದೆ. ನಮ್ಮ ವಾರ್ಡು ಮಹಿಳೆಗೆ ಬಂದಿತ್ತು. ಗುಂಪಿನ ಹೆಂಗಸರು ಐದಾರು ಜನ ಮನೆಗೆ ಬಂದು "ಅಕ್ಕಾ, ನೀನೇ ನಿಂದ್ರು" ಅಂದರು. ಅವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ನಿಂತಿದ್ದಳು, ಇನ್ನೂ ಬಾಯಿ ತೆರೆದಿರಲಿಲ್ಲ. ಲ್ಯಾಪ್‌ಟಾಪ್ ಮುಂದಿನಿಂದಲೇ ನಾನು ಹೇಳಿದೆ: "ಬ್ಯಾಡ ಬ್ಯಾಡ, ಆಕಿಗಿ ಯಾಕ ಅದೆಲ್ಲ. ಸೋತರ ಮರ್ಯಾದಿ ಹೋಗ್ತದ." ಅವರು ಚಹಾ ಕುಡಿದು ಎದ್ದು ಹೋದರು. ಅವ್ವ ಏನೂ ಅನ್ನಲಿಲ್ಲ. ಅಪ್ಪನೂ ಅಲ್ಲ, ಊರ ಗೌಡರೂ ಅಲ್ಲ, ಬೇಡ ಅಂದವನು ನಾನು. ಡಿಗ್ರಿ ಹಿಡಿದವನು.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಮೊನ್ನೆ ಫೋನ್ ಮಾಡಿ ಮೋಟಮ್ಮನವರ ಕಥೆಯನ್ನೆಲ್ಲ ಅವ್ವನಿಗೆ ಹೇಳಿದೆ. ಹೆಸರು ಕೇಳಿರಲಿಲ್ಲವಂತೆ. ಸುಮ್ಮನೆ ಕೇಳಿಸಿಕೊಂಡಳು.

"ನಡುವ ಸೋತಾರಲ್ಲ ಆಕಿ?"

"ಹೂಂ ಅವ್ವ, ಸೋತಾರ."

"ಮರ್ಯಾದಿ ಹೋಯ್ತೇನು ಮತ್ತ?"

ನಮ್ಮೂರಲ್ಲಿ ನೆಟ್‌ವರ್ಕ್ ಆಗಾಗ ಹೋಗುತ್ತಿರುತ್ತದೆ. ಆವತ್ತು ಮಾತ್ರ ಹೋಗಲಿಲ್ಲ. ಆ ಕಡೆ ಅವ್ವ ಕಾಯುತ್ತಿದ್ದಳು.